ಹೋಗದಿದ್ರ ಏನಾಗ್ತದ? ನಾಯಕನ ಪೂಜೆ, ದೇವರ ಪೂಜೆ ಮತ್ತು ಒಂದು ತರಗತಿಯ ಪ್ರಕರಣ

ಈ ಪ್ರಕರಣ ನಡೆದದ್ದು ಕಲಬುರಗಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ. ಊರು, ಕಾಲೇಜು, ವಿದ್ಯಾರ್ಥಿಗಳು, ಅವರ ಮನೆಯವರು, ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಪಾಠ ಮಾಡಿದವನು ನಾನು. ಎಡವಿದವನೂ ನಾನೇ. ರಾಜಕೀಯಶಾಸ್ತ್ರ, ಇತಿಹಾಸ ಕಲಿಸುವ ಬೇರೆಯವರು ಇದೇ ಗುಂಡಿಗೆ ಬೀಳದಿರಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಎರಡನೇ ವರ್ಷದ ತರಗತಿ. 40ರ ಹತ್ತಿರ ಮಕ್ಕಳು. ಜಾಸ್ತಿ ಜನ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವವರು. ತೊಗರಿ ಬೆಳೆಯುವ ಮನೆಗಳು, ಕೂಲಿಯ ಮನೆಗಳು. ಕೆಲವರ ಅಪ್ಪ ಅವ್ವ ದುಡಿಯಲು ಪುಣೆ, ಹೈದರಾಬಾದಿಗೆ ಹೋದವರು, ಮಕ್ಕಳು ಮುತ್ಯಾ ಆಯಿ ಹತ್ತಿರ ಬೆಳೆದವರು. ಲಿಂಗಾಯತರು, ಮುಸ್ಲಿಮರು, ದಲಿತರು, ಕಬ್ಬಲಿಗರು, ಕುರುಬರು ಎಲ್ಲರೂ ಒಂದೇ ಬೆಂಚಿನ ಮೇಲೆ.

ಪಾಠ ಸರ್ವಾಧಿಕಾರದ್ದು. ಹೊರಗಿನ ಗಾಳಿ ಬಾರದಂತೆ ಬಾಗಿಲು ಮುಚ್ಚಿಕೊಂಡ ದೇಶಗಳಲ್ಲಿ ನಾಯಕನೇ ದೇವರಾಗುವುದು ಹೇಗೆ ಅನ್ನುವುದು ಅದರ ಒಂದು ಭಾಗ. ಉತ್ತರ ಕೊರಿಯಾದ ವಿಡಿಯೊಗಳನ್ನು ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತಾರೆ. ಸಾವಿರಾರು ಜನ ಎದೆ ಬಡಿದುಕೊಂಡು ಅಳುವ ದೃಶ್ಯ. ನೋಡಿ ನಗುತ್ತಾರೆ, "ಹುಚ್ಚರು" ಅನ್ನುತ್ತಾರೆ. ಆ ನಗು ನನಗೆ ಯಾವಾಗಲೂ ಚುಚ್ಚುತ್ತಿತ್ತು. ಅವರೂ ನಮ್ಮಂಥ ಮನುಷ್ಯರೇ, ಅವರ ಜಾಗದಲ್ಲಿ ಹುಟ್ಟಿದ್ದರೆ ನಾವೂ ಹಾಗೇ ಅಳುತ್ತಿದ್ದೆವು ಅಂತ ಮಕ್ಕಳಿಗೆ ಮುಟ್ಟಿಸಬೇಕಿತ್ತು. ಅದಕ್ಕೆ ನಮಗೆ ಗೊತ್ತಿರುವ ಭಕ್ತಿಯ ಜೊತೆ ಹೋಲಿಸಿದರೆ ಸುಲಭ ಅಂದುಕೊಂಡೆ. ಉದ್ದೇಶ ಒಳ್ಳೆಯದೇ ಇತ್ತು. ದಾರಿ ತಪ್ಪಿತು.

ಸಮಸ್ಯೆ

ಬೋರ್ಡಿನ ನಡುವೆ ಒಂದು ಗೆರೆ ಎಳೆದೆ. ಎಡಗಡೆ ನಾಯಕ, ಬಲಗಡೆ ದೇವರು.

ಎಡಗಡೆ ಬರೆದದ್ದೆಲ್ಲ ನಿಜವೇ. ಉತ್ತರ ಕೊರಿಯಾದಲ್ಲಿ ಮನೆಮನೆಯ ಗೋಡೆಯ ಮೇಲೆ ಆ ದೇಶದ ಮೊದಲ ನಾಯಕ ಕಿಮ್ ಇಲ್ ಸುಂಗ್ ಮತ್ತು ಮಗ ಕಿಮ್ ಜಾಂಗ್ ಇಲ್ ಫೋಟೊ ಇರಬೇಕು. ಅದೇ ಗೋಡೆಗೆ ಬೇರೆ ಫೋಟೊ ಹಾಕುವಂತಿಲ್ಲ. ಒರೆಸಲು ಬೇರೆ ಬಟ್ಟೆ. ದೊಡ್ಡವರು ಎದೆಯ ಎಡಗಡೆ ನಾಯಕನ ಬ್ಯಾಡ್ಜ್ ಹಾಕಿಕೊಳ್ಳುತ್ತಾರೆ. ಮದುವೆಯಾದ ಜೋಡಿ ಕಂಚಿನ ಪ್ರತಿಮೆಯ ಮುಂದೆ ಹೂ ಇಟ್ಟು ಬಗ್ಗುತ್ತದೆ. ಕಿಮ್ ಇಲ್ ಸುಂಗ್ ಹುಟ್ಟಿದ 15 ಏಪ್ರಿಲ್ "ಸೂರ್ಯನ ದಿನ". ಅವನು ಹುಟ್ಟಿದ 1912ನ್ನೇ ಒಂದನೇ ವರ್ಷ ಮಾಡಿ 1997ರಲ್ಲಿ ಹೊಸ ವರ್ಷಗಣನೆ ತಂದರು. 1994ರಲ್ಲಿ ಸತ್ತ ಮೇಲೆ ಅವನನ್ನು "ಶಾಶ್ವತ ಅಧ್ಯಕ್ಷ" ಅಂತ ಸಂವಿಧಾನದಲ್ಲೇ ಬರೆದರು. ಮಗ ಪೆಕ್ತು ಬೆಟ್ಟದಲ್ಲಿ ಹುಟ್ಟಿದ, ಆಗ ಆಕಾಶದಲ್ಲಿ ಎರಡು ಕಾಮನಬಿಲ್ಲು ಮೂಡಿದವು ಅಂತ ಅಲ್ಲಿ ಹೇಳಿಕೊಡುತ್ತಾರೆ. ಸೋವಿಯತ್ ದಾಖಲೆಗಳ ಪ್ರಕಾರ ಅವನು ಹುಟ್ಟಿದ್ದು ರಷ್ಯಾದ ಒಂದು ಹಳ್ಳಿಯಲ್ಲಿ.

ಬಲಗಡೆ ನಮ್ಮದು ಬರೆದೆ. ಜಗಲಿಯ ಮೇಲಿನ ಫೋಟೊ, ಕೊರಳಿನ ತಾಯತ, ಮದುವೆಯಾದ ಮೇಲೆ ಗುಡಿಗೆ ಹೋಗುವುದು, ಜಯಂತಿ, ಶಕೆ, ಪವಾಡದ ಹುಟ್ಟು. ಸಾಲಿಗೆ ಸಾಲು ಹೊಂದುತ್ತಿತ್ತು. ನನಗೆ ಹುರುಪು ಬಂತು. ಚೀನಾದ ಮಾವಿನಹಣ್ಣಿನ ಕಥೆಯನ್ನೂ ಹೇಳಿದೆ. 1968ರ ಆಗಸ್ಟ್‌ನಲ್ಲಿ ಪಾಕಿಸ್ತಾನದ ವಿದೇಶಾಂಗ ಮಂತ್ರಿ ಮಾವೊಗೆ ಮಾವಿನಹಣ್ಣು ಕೊಟ್ಟರು. ಮಾವೊ ತಾನು ತಿನ್ನದೆ ಕಾರ್ಮಿಕರಿಗೆ ಕಳಿಸಿದ. ಆ ಕಡೆಯ ಜನ ಮಾವಿನಹಣ್ಣನ್ನೇ ನೋಡಿರಲಿಲ್ಲ. ಒಂದು ಕಾರ್ಖಾನೆಯಲ್ಲಿ ಹಣ್ಣು ಕೊಳೆಯತೊಡಗಿದಾಗ ಅದನ್ನು ದೊಡ್ಡ ಪಾತ್ರೆಯ ನೀರಲ್ಲಿ ಕುದಿಸಿ ಒಬ್ಬೊಬ್ಬರೂ ಒಂದೊಂದು ಚಮಚ ಕುಡಿದರು. ಆಮೇಲೆ ಮೇಣದ ಹಣ್ಣು ಮಾಡಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರವಣಿಗೆ ಮಾಡಿದರು. "ನಮ್ಮ ತೀರ್ಥದ ಹಾಗೇ ಅಲ್ವಾ?" ಅಂದೆ.

ಕೆಲವರು ನಕ್ಕರು. ಹಿಂದಿನ ಬೆಂಚಿನಲ್ಲಿ ಆಳಂದ ಸೀಮೆಯ ಒಬ್ಬ ಹುಡುಗ ಎದ್ದು ನಿಂತ. ಮಾತು ಕಡಿಮೆ ಆಡುವವನು.

"ಸರ, ನಮ್ಮ ಮುತ್ಯಾ ಪ್ರತಿ ವರ್ಷ ಅಷ್ಟೂರಿಗಿ ನಡಕೊಂಡು ಹೋಗ್ತಾನ. ಅಂವನೂ ಹಿಂಗೇ ಏನ್ರಿ?"

ಅಷ್ಟೂರು ಬೀದರ್ ಹತ್ತಿರದ ಊರು. ಜನ ನಡೆದು ಹೋಗುವುದು ಅಲ್ಲಿ ಗೋರಿಯಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಷಾನ ಉರುಸಿಗೆ. ನಾನು ಅಂದೆ, "ಹೊರಗಿಂದ ನೋಡಿದರೆ ಹಾಗೇ ಕಾಣುತ್ತಪ್ಪ."

ಹುಡುಗ ಸುಮ್ನೆ ಕೂತ. ಈ ಇಡೀ ಪ್ರಕರಣದಲ್ಲಿ ನನಗೆ ಈಗಲೂ ನೋವು ಕೊಡುವುದು ಆ ಒಂದು ಉತ್ತರ. ಅವನು ಕೇಳಿದ್ದು ತನ್ನ ಮುತ್ಯಾನ ಬಗ್ಗೆ. ನಾನು ಬೋರ್ಡಿನ ಬಗ್ಗೆ ಉತ್ತರ ಕೊಟ್ಟಿದ್ದೆ.

ಮಾರನೇ ದಿನದ ಹೊತ್ತಿಗೆ ಬೋರ್ಡಿನ ಫೋಟೊ ವಾಟ್ಸಾಪ್‌ನಲ್ಲಿತ್ತು. "ದೇವರೂ ಸರ್ವಾಧಿಕಾರಿಯೂ ಒಂದೇ ಅಂತ ಪಾಠ" ಅಂತ ಕೆಳಗೆ ಬರೆದಿದ್ದರು. ಮೂರನೇ ದಿನ ನಾಲ್ಕು ಜನ ಹಿರಿಯರು ಪ್ರಾಂಶುಪಾಲರ ಕೋಣೆಗೆ ಬಂದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಯಾರೂ ಕೂಗಾಡಲಿಲ್ಲ. "ನಮ್ಮ ಮಕ್ಕಳಿಗಿ ಇದು ಬ್ಯಾಡ್ರಿ" ಅಂದರು ಅಷ್ಟೆ.

ಮೊದಲು ಮಾಡಿದ್ದು

ನನ್ನ ಮುಂದೆ ಮೂರು ದಾರಿ ಇತ್ತು. ಕ್ಷಮೆ ಕೇಳಿ ಆ ಪಾಠವನ್ನೇ ಬಿಡುವುದು ಪ್ರಾಂಶುಪಾಲರ ಸಲಹೆ. ಹೋಲಿಕೆ ಪಠ್ಯದಲ್ಲೇ ಇದೆ ಅಂತ ಹೇಳಿ ಜಾರಿಕೊಳ್ಳುವುದು ಒಬ್ಬ ಸಹೋದ್ಯೋಗಿಯ ಸಲಹೆ. ಅದು ಸುಳ್ಳಾಗುತ್ತಿತ್ತು. ಹೋಲಿಕೆ ನನ್ನದೇ. ಕೊನೆಗೆ ನಾನು ಮೂರನೆಯದನ್ನು ಆರಿಸಿಕೊಂಡೆ. ತರಗತಿಗೆ ಹೋಗಿ ಸರಿಮಾಡುತ್ತೇನೆ ಅಂದೆ.

ಸರಿಮಾಡಿದ್ದು ಹೇಗೆ ಅಂದರೆ, ಅದೇ ಬೋರ್ಡಿನ ಮೇಲೆ ಈ ಸಲ ವ್ಯತ್ಯಾಸಗಳನ್ನು ಬರೆದೆ. ಧರ್ಮದಲ್ಲಿ ಪ್ರೀತಿ ಇದೆ, ಸರ್ವಾಧಿಕಾರದಲ್ಲಿ ಹೆದರಿಕೆ ಇದೆ. ಧರ್ಮ ಮನಸ್ಸಿನಿಂದ ಬರುತ್ತದೆ, ನಾಯಕನ ಪೂಜೆ ಮೇಲಿನಿಂದ ಬರುತ್ತದೆ. ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು. ಮಕ್ಕಳು ಬರೆದುಕೊಂಡರು. ಗಲಾಟೆ ಮುಗಿಯಿತು ಅಂತ ಉಸಿರು ಬಿಟ್ಟೆ.

ಆಗ ಮುಂದಿನ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು.

"ಸರ, ಇದು ನಮಗ ಸಮಾಧಾನ ಮಾಡಲಾಕ ಬರ್ದದ್ದು ಅಲ್ರಿ? ನಮ್ಮ ಮನ್ಯಾಗ ನಾ ಉಪವಾಸ ಬಿಟ್ರ ಏನಾಗ್ತದ ನಿಮಗ ಗೊತ್ತದೇನ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಮೊದಲ ಸಲ ನಾನು ಒಬ್ಬರ ಭಕ್ತಿಯನ್ನು ಹಗುರ ಮಾಡಿದ್ದೆ. ಎರಡನೇ ಸಲ ಒಬ್ಬಳ ನೋವನ್ನು ಮುಚ್ಚಿದ್ದೆ. ಎರಡೂ ಒಂದೇ ಗೆರೆಯ ತಪ್ಪು. ಗೆರೆ ಎಳೆದು ಎರಡು ಕಡೆ ತುಂಬಿಸುತ್ತಾ ಹೋದರೆ ಆ ಕಡೆ ಎಲ್ಲಾ ಒಂದೇ ಬಣ್ಣ, ಈ ಕಡೆ ಎಲ್ಲಾ ಒಂದೇ ಬಣ್ಣ ಆಗಿಬಿಡುತ್ತದೆ. ಜೀವನ ಹಾಗಿಲ್ಲ.

ಮುತ್ಯಾನ ಮನೆಯಲ್ಲಿ

ಆ ಭಾನುವಾರ ಹುಡುಗನ ಊರಿಗೆ ಹೋದೆ. ಕಾಲೇಜಿನವರು ಬೇಡ ಅಂದರು. ಹೋಗಿ ಇನ್ನಷ್ಟು ಬೆಳೆಸಬೇಡಿ ಅಂದರು. ಆದರೆ ನಾನು ಒಬ್ಬ ಹಿರಿಯನ ಭಕ್ತಿಯನ್ನು ಅವನಿಲ್ಲದ ಜಾಗದಲ್ಲಿ ತೂಗಿದ್ದೆ. ಅವನ ಮುಂದೆ ಕೂತು ಒಂದು ಮಾತು ಕೇಳಬೇಕಿತ್ತು.

ಮುತ್ಯಾ ಕಟ್ಟೆಯ ಮೇಲೆ ಕೂತಿದ್ದ. ತಲೆಗೆ ರುಮಾಲು, ಹಣೆಗೆ ವಿಭೂತಿ. "ಬರ್ರಿ ಮಾಸ್ತರ್ರ, ಕೂಡ್ರಿ" ಅಂದ. ಚಾ ಬಂತು. ಕ್ಷಮೆ ಕೇಳಿದೆ. ಮುತ್ಯಾ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆ ಕೊರಿಯಾದವರು ಏನೇನು ಮಾಡುತ್ತಾರೆ ಹೇಳ್ರಿ ಅಂದ. ನಾನು ಹೇಳಿದೆ. ಫೋಟೊ, ಬ್ಯಾಡ್ಜು, ಪ್ರತಿಮೆ ಎಲ್ಲಾ. ಪೂರ್ತಿ ಕೇಳಿದ ಮೇಲೆ ಮುತ್ಯಾ ಕೇಳಿದ್ದು ಒಂದೇ ಪ್ರಶ್ನೆ.

"ಹೋಗದಿದ್ರ ಏನಾಗ್ತದ?"

ನಾನು ಹೇಳಿದೆ. ಅಲ್ಲಿ ಓಣಿಗೊಂದು ನೆರೆಕೂಟ ಇದೆ, ಯಾರ ಮನೆಯಲ್ಲಿ ಏನು ನಡೆಯುತ್ತದೆ ಅಂತ ಅದು ನೋಡುತ್ತಿರುತ್ತದೆ. ಫೋಟೊ ಮೇಲೆ ಧೂಳು ಕೂತರೂ ಕೇಳುವವರಿದ್ದಾರೆ. ವಾರಕ್ಕೊಮ್ಮೆ ಸಭೆಯಲ್ಲಿ ನಿಂತು ತನ್ನ ತಪ್ಪನ್ನೂ ಜೊತೆಗಾರರ ತಪ್ಪನ್ನೂ ಹೇಳಬೇಕು. ನಾಯಕನಿಗೆ ಅವಮಾನ ಮಾಡಿದರೆ ಸೆರೆ ಶಿಬಿರ, ಕೆಲವೊಮ್ಮೆ ಇಡೀ ಮನೆಮಂದಿಗೆ.

ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ.

"ಒಂದು ವರ್ಷ ನಾ ಅಷ್ಟೂರಿಗಿ ಹೋಗಲಿಲ್ಲ. ಮಗಳ ಬಾಣಂತನ ಇತ್ತು. ಯಾರೂ ಬಂದು ಕೇಳಲಿಲ್ಲ. ದೇವ್ರೂ ಕೇಳಲಿಲ್ಲ. ಮುಂದಿನ ವರ್ಷ ಹೋಗಿ ಎರಡು ಸಲ ಸಕ್ರಿ ಓದಿಸಿದೆ, ಅಷ್ಟೇ."

ಆಮೇಲೆ ತನ್ನ ಅಪ್ಪನ ಕಾಲದ ಮಾತು ತೆಗೆದ. ಈ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ನಿಜಾಮನ ಹೆಸರು ಬಂದಲ್ಲೆಲ್ಲ ಅಪ್ಪ ಬಗ್ಗಿ ಸಲಾಮು ಮಾಡುತ್ತಿದ್ದನಂತೆ. ಸಪ್ಟೆಂಬರ್ ಆದ ಮೇಲೆ ಒಮ್ಮೆಯೂ ಮಾಡಲಿಲ್ಲವಂತೆ.

"ಅಷ್ಟೂರಿನ್ಯಾಗ ಮಲಗ್ಯಾನಲ್ಲ, ಅಂವನೂ ರಾಜನೇ. ಅಂವನೂ ಮುಸಲ್ಮಾನನೇ. ಆ ರಾಜನ ಮುಂದ ಅಪ್ಪ ಬಗ್ಗಿದ್ದು ಜೀವ ಉಳಿಸ್ಕೊಳ್ಳಲಾಕ. ಈ ರಾಜನ ಮುಂದ ನಾ ಬಗ್ಗೋದು ನನ್ನ ಖುಷಿಗಿ."

ಓದು ಬರಹ ಅಷ್ಟಾಗಿ ಇಲ್ಲದ ಮನುಷ್ಯ, ನನ್ನ ಎರಡು ದಿನದ ಪಾಠವನ್ನು ಒಂದು ಪ್ರಶ್ನೆಯಲ್ಲಿ ಸರಿಮಾಡಿಕೊಟ್ಟ. ಜನ ಏನು ಮಾಡುತ್ತಾರೆ ಅಂತ ನಾನು ಪಟ್ಟಿ ಮಾಡಿದ್ದೆ. ಮಾಡದಿದ್ದರೆ ಏನಾಗುತ್ತದೆ ಅಂತ ಕೇಳಿಯೇ ಇರಲಿಲ್ಲ.

ಮೂರನೇ ತರಗತಿ: ಚೀಟಿಗಳು

ಈ ಸಲ ಬೋರ್ಡ್ ಮುಟ್ಟಲಿಲ್ಲ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಹೆಸರು ಬರೆಯಬೇಡಿ. ನೀವು ಯಾರ ಮುಂದೆ, ಯಾವುದರ ಮುಂದೆ ಬಗ್ಗುತ್ತೀರಿ ಬರೆಯಿರಿ. ಬಗ್ಗುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಅದನ್ನೂ ಬರೆಯಿರಿ. ಬರೆಯಲು ಇಷ್ಟವಿಲ್ಲದಿದ್ದರೆ ಖಾಲಿ ಚೀಟಿಯನ್ನೇ ಮಡಚಿ ಹಾಕಿ. ಖಾಲಿ ಹಾಕಲು ಬಿಟ್ಟದ್ದು ಆ ಹೊತ್ತಿನಲ್ಲಿ ಹೊಳೆದದ್ದು. ಬರೆಯಲೇಬೇಕು ಅಂದಿದ್ದರೆ ನಾನೂ ಒಂದು ನೆರೆಕೂಟ ನಡೆಸಿದ ಹಾಗೇ ಆಗುತ್ತಿತ್ತು. ಒಬ್ಬ ಹುಡುಗನ ಊಟದ ಡಬ್ಬಿ ತೊಳೆದು ತಂದು ಅದರಲ್ಲಿ ಚೀಟಿ ಹಾಕಿಸಿದೆ. ಕಲಸಿ ಒಂದೊಂದಾಗಿ ಓದಿದೆ.

"ಶರಣಬಸವೇಶ್ವರ. ಬಿಟ್ರ ದೇವ್ರು ಸಿಟ್ಟಾಗ್ತಾನ ಅನಸ್ತದ. ಆಗಲ್ಲ ಅಂತನೂ ಗೊತ್ತದ."

"ಬಂದೇ ನವಾಜ್. ಏನೂ ಆಗಲ್ಲ. ಆದ್ರ ನನ್ನ ಮನಸ್ಸು ಖಾಲಿ ಆಗ್ತದ."

"ಅವ್ವ. ಬಿಡಲ್ಲ."

"ವಾರದ ಉಪವಾಸ. ಅಣ್ಣ ಹೊಡೀತಾನ."

"ಗುಡಿಯೊಳಗ ನಮಗ ಬಿಟ್ಟೇ ಇಲ್ಲ. ಹಿಡ್ಕೊಂಡಿದ್ರ ತಾನೇ ಬಿಡೋದು?"

ಇನ್ನೊಂದು ಚೀಟಿಯಲ್ಲಿ ಒಬ್ಬ ಸ್ಥಳೀಯ ನಾಯಕನ ಹೆಸರಿತ್ತು. ಹೆಸರನ್ನು ನಾನು ಓದಲಿಲ್ಲ, ಉಳಿದದ್ದನ್ನು ಓದಿದೆ. "ಹುಟ್ಟುಹಬ್ಬಕ್ಕ ನಮ್ಮ ಓಣ್ಯಾಗ ಬ್ಯಾನರ್ ಕಟ್ಟಬೇಕು, ಹಾಲು ಹಾಕಬೇಕು. ಕಟ್ಟದಿದ್ರ ನೀರಿನ ಟ್ಯಾಂಕರ್ ಬರಲ್ಲ."

ಯಾರೂ ನಗಲಿಲ್ಲ. ಕೊರಿಯಾ ಅಷ್ಟೇನೂ ದೂರ ಇಲ್ಲ ಅಂತ ಎಲ್ಲರಿಗೂ ಒಟ್ಟಿಗೇ ಅನ್ನಿಸಿದ ಹೊತ್ತು ಅದು.

ಗುಡಿಯ ಚೀಟಿ ಬರೆದವನು ತಾನೇ ಎದ್ದು ನಿಂತ. ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಆಡಿದ ಮಾತನ್ನು ನೆನಪಿಸಿದ. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿ ಆಗಬಹುದು, ರಾಜಕೀಯದಲ್ಲಿ ಭಕ್ತಿ ಅಧೋಗತಿಗೂ ಕೊನೆಗೆ ಸರ್ವಾಧಿಕಾರಕ್ಕೂ ಖಂಡಿತವಾದ ದಾರಿ ಅನ್ನುವ ಮಾತು. ಆಮೇಲೆ ಅವನು ಸೇರಿಸಿದ್ದು ಇದು: "ಅವರು ಧರ್ಮದಾಗ ಭಕ್ತಿ ಇರ್ಲಿ ಅಂದ್ರು. ಆದ್ರ ಬ್ಯಾಡ ಅನಿಸಿದ ಧರ್ಮ ಬಿಟ್ಟು ನಡೆದ್ರು. 1956ರಾಗ ನಾಗಪುರದಾಗ. ಬಿಟ್ಟು ಹೋಗಲಾಕ ಬಂತು, ಅದಕ್ಕ ಅದು ಕೊರಿಯಾ ಅಲ್ರಿ ಸರ."

ನಾನು ಹುಡುಕುತ್ತಿದ್ದ ಗೆರೆಯನ್ನು ಅವನು ಹುಡುಕಿಕೊಟ್ಟಿದ್ದ. ಅದು ದೇವರು ಮತ್ತು ನಾಯಕನ ನಡುವೆ ಇರಲಿಲ್ಲ. ಬಿಟ್ಟು ಹೋಗಲು ಬರುವ ಕಡೆ ಮತ್ತು ಬಾರದ ಕಡೆ, ಇವುಗಳ ನಡುವೆ ಇತ್ತು. ಉಪವಾಸದ ಹುಡುಗಿಯ ಮನೆ ಆ ಗೆರೆಯ ಯಾವ ಕಡೆಗಿದೆ ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಷ್ಟೂರು

ಮುಂದಿನ ತಿಂಗಳು ಮಕ್ಕಳನ್ನು ಬೀದರಿಗೆ ಕರೆದುಕೊಂಡು ಹೋದೆ. ಬರಲೇಬೇಕು ಅನ್ನಲಿಲ್ಲ. ಅರ್ಧ ತರಗತಿ ಬಂತು.

ಬೀದರ್ ಊರಿಂದ ಸ್ವಲ್ಪ ದೂರದಲ್ಲಿ ಅಷ್ಟೂರಿನ ಬಹಮನಿ ಗೋರಿಗಳಿವೆ. ಅಹ್ಮದ್ ಷಾ 1422ರಲ್ಲಿ ಅಣ್ಣ ಫಿರೋಜ್ ಷಾನನ್ನು ಇಳಿಸಿ ಪಟ್ಟಕ್ಕೆ ಬಂದ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ. ದೊಡ್ಡ ಬರ ಬಂದಾಗ ಬೆಟ್ಟಕ್ಕೆ ಹೋಗಿ ಪ್ರಾರ್ಥನೆ ಮಾಡಿದ, ಮಳೆ ಬಂತು, ಅದಕ್ಕೇ ಜನ "ವಲಿ", ಅಂದರೆ ಸಂತ, ಅಂದರು ಅಂತ ಹಳೆಯ ಕಥೆ. 1436ರಲ್ಲಿ ತೀರಿಕೊಂಡ. ಅವನ ಉರುಸಿಗೆ ಆಳಂದ ತಾಲೂಕಿನ ಮಾಡ್ಯಾಳದಿಂದ ಜಂಗಮರು ಭಕ್ತರನ್ನು ಕರೆದುಕೊಂಡು ನಡೆದು ಬರುತ್ತಾರೆ. ಲಿಂಗಾಯತರು ಅವನನ್ನು ಅಲ್ಲಮಪ್ರಭು ಅಂತ ಪೂಜಿಸುತ್ತಾರೆ. ಹಿಂದೂ ಮುಸ್ಲಿಂ ಎಲ್ಲರೂ ಸಕ್ಕರೆ ಹಂಚುತ್ತಾರೆ. ಅವನು ಮೆತ್ತಗಿನ ರಾಜ ಆಗಿರಲಿಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳಿದೆ. ಯುದ್ಧ ಮಾಡಿದ, ಜನರನ್ನು ಕೊಲ್ಲಿಸಿದ. ಸತ್ತವನನ್ನು ಜನ ತಮ್ಮ ಮನಸ್ಸಿನಲ್ಲಿ ತೊಳೆದು ಬೇರೆ ಮಾಡಿಕೊಂಡರು.

ಅದೇ ಸಾಲಿನಲ್ಲಿ ಹುಮಾಯೂನ್ ಷಾನ ಗೋರಿ ಇದೆ. 1458ರಿಂದ 1461ರವರೆಗೆ ಮೂರೇ ವರ್ಷ ಆಳಿದವನು. ಕ್ರೌರ್ಯಕ್ಕೆ ಹೆಸರಾದವನು, "ಜಾಲಿಮ್" ಅಂತಲೇ ಕರೆಯುತ್ತಾರೆ. ಅವನ ಗೋರಿಯ ಗುಮ್ಮಟ ಸಿಡಿಲು ಬಡಿದು ಒಡೆದು ನಿಂತಿದೆ. ಅಲ್ಲಿ ಯಾರೂ ಹೂ ಇಟ್ಟಿರಲಿಲ್ಲ.

ಎರಡೂ ಗೋರಿಗಳ ನಡುವೆ ಮಕ್ಕಳು ತುಂಬಾ ಹೊತ್ತು ನಿಂತರು. ಇಬ್ಬರೂ ಒಂದೇ ಮನೆತನ, ಇಬ್ಬರೂ ಸುಲ್ತಾನರು. ಬದುಕಿದ್ದಾಗ ಇಬ್ಬರ ಮುಂದೆಯೂ ಜನ ಬಗ್ಗಿಯೇ ಇದ್ದಿರಬೇಕು. ಈಗ ಒಬ್ಬನ ಹತ್ತಿರ ಸಕ್ಕರೆ, ಇನ್ನೊಬ್ಬನ ಹತ್ತಿರ ಪಾರಿವಾಳ. ಅಧಿಕಾರ ಹೋದ ಮೇಲೆ ಜನ ಯಾರ ಹತ್ತಿರ ಬರುತ್ತಾರೆ ಅಂತ ನೋಡಲು ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಅಲ್ಲೇ ಮರದ ಕೆಳಗೆ ಕೂತು ಮತ್ತೆ ಹೊರದೇಶಗಳ ಮಾತು ತೆಗೆದೆವು. ಈ ಸಲ ಪ್ರಶ್ನೆ ಮುತ್ಯಾನದ್ದು. ಅದರ ಬೆನ್ನಿಗೇ ಇನ್ನೊಂದು: ಹೆದರಿಸುವವರು ಹೋದ ಮೇಲೆ ಏನು ಉಳಿಯಿತು?

ತುರ್ಕ್‌ಮೆನಿಸ್ತಾನದ ಅಧ್ಯಕ್ಷ ನಿಯಾಜೊವ್ ರಾಜಧಾನಿಯಲ್ಲಿ ತನ್ನ ಬಂಗಾರದ ಬಣ್ಣದ ಪ್ರತಿಮೆ ನಿಲ್ಲಿಸಿದ. ಸೂರ್ಯ ಹೋದ ಕಡೆ ಅದು ತಿರುಗುತ್ತಿತ್ತು. 2002ರಲ್ಲಿ ಜನವರಿ ತಿಂಗಳಿಗೆ ತನ್ನ ಬಿರುದನ್ನೂ ಏಪ್ರಿಲ್‌ಗೆ ತಾಯಿಯ ಹೆಸರನ್ನೂ ಇಟ್ಟ. 2006ರ ಡಿಸೆಂಬರ್‌ನಲ್ಲಿ ಸತ್ತ. 2008ರಲ್ಲಿ ತಿಂಗಳುಗಳಿಗೆ ಹಳೆಯ ಹೆಸರು ವಾಪಸ್ ಬಂತು. 2010ರಲ್ಲಿ ಪ್ರತಿಮೆಯನ್ನು ಊರ ನಡುವಿನಿಂದ ತೆಗೆದು ಹೊರವಲಯಕ್ಕೆ ಸಾಗಿಸಿದರು.

ಅಲ್ಬೇನಿಯಾದ ಕಥೆ ಮಕ್ಕಳಿಗೆ ಜಾಸ್ತಿ ತಟ್ಟಿತು. ಎನ್ವರ್ ಹೋಜಾ 1967ರಲ್ಲಿ ಮಸೀದಿ, ಚರ್ಚು ಎಲ್ಲಾ ಮುಚ್ಚಿಸಿದ. ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ ಒಬ್ಬ ಪಾದ್ರಿಯನ್ನು ಗುಂಡಿಟ್ಟು ಕೊಂದರು. ದೇವರ ಜಾಗದಲ್ಲಿ ನಾಯಕನನ್ನು ಕೂರಿಸಿದರು. ಹೋಜಾ 1985ರಲ್ಲಿ ಸತ್ತ. 1990ರ ನವೆಂಬರ್‌ನಲ್ಲಿ ಶ್ಕೋಡರ್ ಊರಿನ ಸ್ಮಶಾನದಲ್ಲಿ ಜನ ಸೇರಿ ಬಹಿರಂಗವಾಗಿ ಪೂಜೆ ಮಾಡಿದರು. 1991ರ ಫೆಬ್ರವರಿ 20ರಂದು ರಾಜಧಾನಿ ಟಿರಾನಾದಲ್ಲಿ ಹೋಜಾನ ಪ್ರತಿಮೆಯನ್ನು ಹಗ್ಗ ಹಾಕಿ ಎಳೆದು ಕೆಡವಿದರು. 23 ವರ್ಷ ಮನೆಯೊಳಗೆ ಬಚ್ಚಿಟ್ಟುಕೊಂಡ ಪ್ರಾರ್ಥನೆ ಉಳಿದಿತ್ತು. ಪ್ರತಿಮೆ ಒಂದು ಮಧ್ಯಾಹ್ನ ತಾಳಲಿಲ್ಲ.

"ಹಂಗಾದ್ರ ಕೊರಿಯಾದಾಗ ಯಾಕ ಬಿದ್ದಿಲ್ರಿ?" ಅಂತ ಒಬ್ಬ ಕೇಳಿದ. ನಾಯಕ ಸತ್ತರೂ ಅಧಿಕಾರ ಸತ್ತಿಲ್ಲ, ಮಗನಿಗೆ ಬಂತು, ಮೊಮ್ಮಗನಿಗೆ ಬಂತು ಅಂದೆ. ಅಲ್ಲಿನ ರೇಡಿಯೊಗಳು ಸರ್ಕಾರದ ಸ್ಟೇಷನ್ ಬಿಟ್ಟು ಬೇರೆ ಹಿಡಿಯದಂತೆ ಮಾಡಿರುತ್ತಾರೆ. ಹುಟ್ಟಿದಾಗಿನಿಂದ ಬೇರೆ ಮಾತೇ ಕಿವಿಗೆ ಬಿದ್ದಿಲ್ಲದವನ ಒಳಗೆ ಏನು ನಡೆಯುತ್ತದೆ? 1994ರಲ್ಲಿ ಅತ್ತವರೆಲ್ಲ ನಾಟಕ ಮಾಡಲಿಲ್ಲ. ಆ ದೇಶದಿಂದ ತಪ್ಪಿಸಿಕೊಂಡು ಬಂದವರಲ್ಲಿ ಎಷ್ಟೋ ಜನ ತಾವು ನಿಜವಾಗಿಯೇ ಅತ್ತೆವು ಅಂತ ಹೇಳಿದ್ದಾರೆ. ಪಕ್ಕದವನು ನೋಡುತ್ತಾನೆ ಅಂತ ಅತ್ತವರೂ ಇದ್ದರು. ಒಬ್ಬನೇ ಮನುಷ್ಯ ಎರಡೂ ಕಾರಣಕ್ಕೆ ಅತ್ತಿರಬಹುದು. "ಇಲ್ಲ" ಅನ್ನಲು ಬಾರದ ಜಾಗದಲ್ಲಿ ತನ್ನ "ಹೌದು" ನಿಜವೋ ಸುಳ್ಳೋ ಅಂತ ಅವನಿಗೇ ತಿಳಿಯುವುದಿಲ್ಲ. ಕ್ರೌರ್ಯಗಳಲ್ಲೆಲ್ಲ ದೊಡ್ಡದು ಅದೇ ಅಂತ ನನಗೆ ಅನ್ನಿಸುತ್ತದೆ. ಅವರ ಊಟ, ಓಡಾಟದ ಜೊತೆಗೆ ಅವರ ಭಕ್ತಿಯನ್ನೂ ಕಿತ್ತುಕೊಂಡಿದ್ದಾರೆ.

ಇನ್ನೊಂದು ಮಾತು. ದೂರ ಇರುವುದು ಬೇರೆ, ಮುಚ್ಚಿಡುವುದು ಬೇರೆ. ಪೆಸಿಫಿಕ್ ಸಾಗರದ ವನುವಾಟು ದೇಶದ ಟಾನಾ ದ್ವೀಪದಲ್ಲಿ ಕೆಲವು ಹಳ್ಳಿಯವರು ಬ್ರಿಟನ್ನಿನ ಪ್ರಿನ್ಸ್ ಫಿಲಿಪ್‌ನನ್ನು ತಮ್ಮ ದೈವ ಅಂತ ನಂಬಿದ್ದರು. ಅವನು ಕಳಿಸಿದ ಫೋಟೊಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. 2021ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡಾಗ ಶೋಕ ಮಾಡಿದರು. ಹೊರಜಗತ್ತಿನಿಂದ ಬಹಳ ದೂರದ ಜನ, ಗೋಡೆಯ ಮೇಲೆ ಒಬ್ಬ ರಾಜಮನೆತನದವನ ಫೋಟೊ. ನನ್ನ ಮೊದಲ ಬೋರ್ಡಿನ ಲೆಕ್ಕದಲ್ಲಿ ಅವರೂ ಕೊರಿಯಾದವರೂ ಒಂದೇ ಆಗುತ್ತಿದ್ದರು. ಆದರೆ ಆ ಫೋಟೊ ಒರೆಸದಿದ್ದರೆ ಟಾನಾದಲ್ಲಿ ಯಾವ ಪೊಲೀಸರೂ ಬರುವುದಿಲ್ಲ.

ಏನಾಯಿತು

ದೂರು ತಾನಾಗಿ ತಣ್ಣಗಾಯಿತು. ಬಂದಿದ್ದ ನಾಲ್ವರಲ್ಲಿ ಒಬ್ಬ ಹಿರಿಯರು ಅಷ್ಟೂರಿನ ಪ್ರವಾಸದ ಸುದ್ದಿ ಕೇಳಿ ತಾವೇ ಫೋನ್ ಮಾಡಿದರು. ಇನ್ನೊಬ್ಬರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಬೋರ್ಡಿನ ಫೋಟೊ ಆಗಾಗ ಯಾವುದೋ ಗುಂಪಿನಲ್ಲಿ ಮತ್ತೆ ಕಾಣಿಸುತ್ತದೆ. ಅದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಉಪವಾಸದ ಹುಡುಗಿಯ ಮನೆಯಲ್ಲಿ ಏನೂ ಬದಲಾಗಲಿಲ್ಲ. ನಾನು ಅವಳ ಮನೆಗೆ ಹೋಗಿ ಮಾತಾಡಲೇ ಅಂತ ಕೇಳಿದ್ದೆ. ಬೇಡ ಅಂದಳು. ಹೋಗಲಿಲ್ಲ. ಅದು ಸರಿಯಾದ ತೀರ್ಮಾನವೋ ಅಲ್ಲವೋ ಅಂತ ಈಗಲೂ ಯೋಚಿಸುತ್ತೇನೆ.

ಪಾಠ ಮಾಡುವ ರೀತಿಯಲ್ಲಿ ನಾನು ಬದಲಿಸಿಕೊಂಡದ್ದು ಇಷ್ಟು. ಹೋಲಿಕೆಯನ್ನು ಬಿಟ್ಟಿಲ್ಲ, ಬಿಡಬಾರದು ಕೂಡ. ಕೊರಿಯಾದ ಪೂಜೆಗೆ ಧರ್ಮದ ಅಚ್ಚು ಇರುವುದು ಸುಳ್ಳಲ್ಲ. ಕಿಮ್ ಇಲ್ ಸುಂಗ್‌ನ ತಾಯಿ ಕ್ರೈಸ್ತ ಮನೆತನದವಳು. ಪ್ಯಾಂಗ್ಯಾಂಗ್‌ಗೆ ಒಂದು ಕಾಲದಲ್ಲಿ "ಪೂರ್ವದ ಜೆರುಸಲೆಮ್" ಅನ್ನುತ್ತಿದ್ದರು. ಆದರೆ ಹೋಲಿಕೆಯನ್ನು ವಸ್ತುಗಳಿಂದ ಶುರು ಮಾಡುವುದಿಲ್ಲ. ಫೋಟೊಗೆ ಫೋಟೊ, ಹೂವಿಗೆ ಹೂವು ಎಲ್ಲಾ ಕಡೆ ಸಿಗುತ್ತದೆ. ನಿಲ್ಲಿಸಿದರೆ ಏನಾಗುತ್ತದೆ, ಪ್ರಶ್ನೆ ಕೇಳಲು ಬರುತ್ತದೆಯೇ, ಬಿಟ್ಟು ಹೋಗಲು ಬಾಗಿಲು ಇದೆಯೇ, ಇದರಿಂದ ಶುರು ಮಾಡುತ್ತೇನೆ. ಇದೇ ಪ್ರಶ್ನೆಗಳನ್ನು ನಮ್ಮ ಮನೆ, ಮಠ, ಮಸೀದಿ, ಪಕ್ಷಕ್ಕೂ ಕೇಳಬೇಕು ಅಂತ ಮಕ್ಕಳಿಗೆ ಮೊದಲೇ ಹೇಳುತ್ತೇನೆ. ಉತ್ತರವನ್ನು ನಾನು ಬರೆದುಕೊಡುವುದಿಲ್ಲ. ಯಾರದ್ದೇ ಭಕ್ತಿಯನ್ನು ಉದಾಹರಣೆಗೆ ತೆಗೆದುಕೊಂಡರೆ, ಆ ಭಕ್ತರಲ್ಲಿ ಒಬ್ಬರ ಮುಂದೆ ಕೂತು ಮಾತಾಡಿದ ಮೇಲೆಯೇ ತೆಗೆದುಕೊಳ್ಳುತ್ತೇನೆ.

ಇನ್ನು ಚೀಟಿಗಳ ವಿಷಯ. ಡಬ್ಬಿ ನನ್ನ ಮೇಜಿನ ಖಾನೆಯಲ್ಲಿ ವಾರಗಟ್ಟಲೆ ಇತ್ತು. ಟ್ಯಾಂಕರ್ ಚೀಟಿ ಬರೆದವರು ಯಾರು ಅಂತ ತಿಳಿಯಬೇಕು ಅನ್ನಿಸುತ್ತಿತ್ತು. ಆ ಓಣಿಗೆ ಏನಾದರೂ ಸಹಾಯ ಮಾಡಬಹುದೇನೋ ಅಂತ. ಪರೀಕ್ಷೆಯ ಉತ್ತರ ಪತ್ರಿಕೆಗಳು ಪಕ್ಕದಲ್ಲೇ ಇದ್ದವು. ಅಕ್ಷರ ಹೋಲಿಸಿ ನೋಡಿದರೆ ಹತ್ತು ನಿಮಿಷದ ಕೆಲಸ. ಒಂದು ಸಲ ಚೀಟಿ ಕೈಗೂ ತೆಗೆದುಕೊಂಡೆ.

ಸಂಜೆ ಆಳಂದ ಸೀಮೆಯ ಹುಡುಗನನ್ನು ಕರೆದು ಕಾಲೇಜಿನ ಹಿಂದೆ ಹೋದೆ. ಡಬ್ಬಿಯನ್ನು ಮಣ್ಣಿನ ಮೇಲೆ ಬೋರಲು ಹಾಕಿ ಕಡ್ಡಿ ಗೀರಿದೆ. ಖಾಲಿ ಚೀಟಿ, ಬರೆದ ಚೀಟಿ ಎಲ್ಲಾ ಒಟ್ಟಿಗೇ ಹೊತ್ತಿಕೊಂಡವು.

"ಟ್ಯಾಂಕರಿಂದು ಯಾರ್ದಂತ ಗೊತ್ತಾಯ್ತೇನ್ರಿ ಸರ?" ಅಂದ.

"ನೋಡಿಲ್ಲಪ್ಪ" ಅಂದೆ.

ಅವನು ಕಾಲಿನಿಂದ ಬೂದಿಯ ಮೇಲೆ ಮಣ್ಣು ಎಳೆದ. ಆಮೇಲೆ ಬಸ್ಸಿಗೆ ಹೊತ್ತಾಯಿತು ಅಂತ ಓಡಿದ.